ಮೋಲ್ಡ್ ಹಾಕುವ ಮೊದಲೇ ಬಾತ್‌ರೂಮಿನ ನಕ್ಷೆ ಕೈಗೆ ಬರಲಿ

ಮಾನ್ಯರೇ,

ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸುವವರು ಅಡುಗೆ ಕಟ್ಟೆ ಯಾವ ದಿಕ್ಕಿಗಿರಬೇಕು, ದೇವರಮನೆಯ ಬಾಗಿಲು ತೇಗದ್ದೋ ಹೊನ್ನೆಯದೋ ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಅದೇ ಮನೆಯ ಬೆಡ್‌ರೂಮಿಗೆ ಅಂಟಿಕೊಂಡ ಬಾತ್‌ರೂಮ್ ಮಾತ್ರ ನಕ್ಷೆಯಲ್ಲಿ ‘ಟಾಯ್ಲೆಟ್ 4×7’ ಎಂದು ಬರೆದ ಖಾಲಿ ಚೌಕವಾಗಿಯೇ ಉಳಿಯುತ್ತದೆ. ಕಮೋಡ್ ಎಲ್ಲಿ, ನೀರು ಹೋಗುವ ಜಾಲಿ ಎಲ್ಲಿ, ಷವರ್ ಎಲ್ಲಿ ಎನ್ನುವುದೆಲ್ಲ ಪ್ಲಂಬರ್ ಬಂದ ದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೀರ್ಮಾನವಾಗುತ್ತದೆ. ಅಷ್ಟರಲ್ಲಿ ಮೋಲ್ಡ್, ಅಂದರೆ ಸ್ಲ್ಯಾಬಿನ ಕಾಂಕ್ರೀಟ್, ಹಾಕಿ ಆಗಿರುತ್ತದೆ. ಬೀಮ್ ಎಲ್ಲಿದೆಯೋ ಅಲ್ಲೇ, ಬಾತ್‌ರೂಮಿನ ಸ್ಲ್ಯಾಬಿಗೆ ತಗ್ಗು ಎಷ್ಟು ಬಿಟ್ಟಿದ್ದಾರೋ ಅಷ್ಟೇ. ಮನೆ ವಿನ್ಯಾಸ, ಸ್ಟ್ರಕ್ಚರ್ ಮತ್ತು ಪ್ಲಂಬಿಂಗ್ ಕೆಲಸದಲ್ಲಿರುವ ನಾವು ಕೆಲವರು ಸೇರಿ ಬರೆಯುತ್ತಿರುವ ಈ ಪತ್ರದ ಬೇಡಿಕೆ ಒಂದೇ: ಸೆಂಟ್ರಿಂಗ್ (ಕಾಂಕ್ರೀಟಿಗೆ ಹಲಗೆ ಕಟ್ಟುವ ಕೆಲಸ) ಶುರುವಾಗುವ ಮೊದಲೇ ಪ್ರತಿಯೊಂದು ಬಾತ್‌ರೂಮಿಗೂ ಅಳತೆ ಸಮೇತ ಪ್ರತ್ಯೇಕ ನಕ್ಷೆ ಮಾಲೀಕರ ಕೈಗೆ ಬರಬೇಕು. ಈ ಕೋಣೆಯ ಮುಕ್ಕಾಲು ಕೆಲಸ ಕಾಂಕ್ರೀಟಿನ ಒಳಗೆ, ಟೈಲ್ಸಿನ ಹಿಂದೆ ಹೂತುಹೋಗುವಂಥದ್ದು. ತಪ್ಪು ಗೊತ್ತಾಗುವ ಹೊತ್ತಿಗೆ ತಿದ್ದುವ ದಾರಿ ಒಡೆಯುವುದೊಂದೇ.

ಮೊದಲು ಅಳತೆಯ ವಿಚಾರ. 4×7 ಎಂದರೆ 28 ಚದರ ಅಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಸ್ನಾನ ಮತ್ತು ಶೌಚ ಎರಡೂ ಒಂದೇ ಕೋಣೆಯಲ್ಲಿದ್ದರೆ ಅದು 2.8 ಚದರ ಮೀಟರ್‌ಗಿಂತ ಕಡಿಮೆ ಇರಬಾರದು, ಅಂದರೆ ಸುಮಾರು 30 ಚದರ ಅಡಿ. ಅಗಲ 1.2 ಮೀಟರ್‌ಗಿಂತ ಕಡಿಮೆಯಾಗಬಾರದು. ನಮ್ಮೂರಿನ ನಕ್ಷೆಗಳಲ್ಲಿ ಎಲ್ಲೆಂದರಲ್ಲಿ ಕಾಣುವ 4×7 ಈ ಕನಿಷ್ಠ ಮಿತಿಯನ್ನೂ ಮುಟ್ಟುವುದಿಲ್ಲ. ಅದೂ ಬ್ಲಾಕಿನಿಂದ ಬ್ಲಾಕಿಗೆ ಹಿಡಿದ ಅಳತೆ. ಪ್ಲಾಸ್ಟರ್, ಅಂಟು, ಟೈಲ್ಸ್ ಸೇರಿ ಒಂದೊಂದು ಗೋಡೆಗೂ ಒಂದೂಕಾಲರಿಂದ ಒಂದೂವರೆ ಇಂಚು ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು ಮೂರು ಮುಕ್ಕಾಲು ಅಡಿ ಅಗಲ. ಕಮೋಡ್ ಗೋಡೆಯಿಂದ 27 ಇಂಚು ಮುಂದೆ ಬಂದರೆ ಓಡಾಡಲು ಉಳಿಯುವುದು 18 ಇಂಚು. ವಯಸ್ಸಾದವರು ಅಡ್ಡಡ್ಡ ನಡೆದು ಷವರ್ ತಲುಪಬೇಕು. ಜಾಗವೇ ಇಲ್ಲದಿದ್ದರೆ ವಾಷ್‌ಬೇಸಿನ್ ಅನ್ನು ಹೊರಗೆ, ವಾರ್ಡ್‌ರೋಬ್ ಪಕ್ಕದ ಓಣಿಗೆ ತನ್ನಿ. ಅದನ್ನೂ ಒಳಗೇ ತುರುಕಿ ಬಾಗಿಲು ಪೂರ್ತಿ ತೆರೆಯದಂತೆ ಮಾಡಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ.

30×40 ಅಡಿಯ ನಿವೇಶನದಲ್ಲಿ ಧಾರಾಳವಾಗಿ ಹೊಂದುವ ಅಳತೆ 5×8. ಮುಗಿದ ಮೇಲೆ ಅದು 57×93 ಇಂಚು ಉಳಿಯುತ್ತದೆ. 93 ಇಂಚಿನ ಉದ್ದವನ್ನು ಬಾಗಿಲ ಕಡೆಯಿಂದ ಹಂಚಿ: ಬೇಸಿನ್‌ಗೆ 27, ಕಮೋಡ್‌ಗೆ 30, ಕಿಟಕಿಯ ಪಕ್ಕದ ಕೊನೆಯಲ್ಲಿ ಸ್ನಾನಕ್ಕೆ 36. ಮೂರೂ ಒಂದೇ ಗೋಡೆಗೆ ಸಾಲಾಗಿ ಬಂದರೆ ನೀರಿನ ಪೈಪು, ಹೊಲಸಿನ ಪೈಪು ಎಲ್ಲ ಒಂದೇ ಕಡೆ ಸೇರುತ್ತವೆ, ಎದುರು ಗೋಡೆಯನ್ನು ಕೊರೆಯುವ ಗೊಡವೆಯೇ ಇರುವುದಿಲ್ಲ. ಒದ್ದೆ ಜಾಗ ಕೊನೆಯಲ್ಲಿರುವುದರಿಂದ ಬೆಳಿಗ್ಗೆ ಒಬ್ಬರ ಸ್ನಾನವಾದ ಮೇಲೆ ಇನ್ನೊಬ್ಬರು ಹಲ್ಲುಜ್ಜಲು ಹೋದರೆ ಕಾಲು ಒದ್ದೆಯಾಗುವುದಿಲ್ಲ. ಬಾಗಿಲನ್ನು ಬೇಸಿನ್ ಕಡೆಯ ಗಿಡ್ಡ ಗೋಡೆಯಲ್ಲಿಟ್ಟು, ಕೀಲುಗಳನ್ನು ಬೇಸಿನ್ನಿಗೆ ಎದುರಿನ ಬದಿಗೆ ಕೊಡಿ. ತೆರೆದಾಗ ಬಾಗಿಲು ಗೋಡೆಗೆ ಒರಗಿ ನಿಲ್ಲುತ್ತದೆ.

ಕಮೋಡ್ ಕೂರುವ ಜಾಗದಲ್ಲಿ ಇಂಚು ಇಂಚೂ ಲೆಕ್ಕಕ್ಕೆ ಬರುತ್ತದೆ. ಅದರ ನಡುಗೆರೆಯಿಂದ ಪಕ್ಕದ ಗೋಡೆಗೆ ಅಥವಾ ಗಾಜಿನ ತಡೆಗೆ ಕನಿಷ್ಠ 15 ಇಂಚು, ಮುಂದೆ ಮೊಣಕಾಲಿಗೆ 24 ಇಂಚು ಬೇಕು. ನೆಲದೊಳಗೆ ಹೊರಹರಿವು ಇರುವ ಎಸ್-ಟ್ರ್ಯಾಪ್ ಕಮೋಡ್‌ಗಳು ಸಾಮಾನ್ಯವಾಗಿ ಗೋಡೆಯಿಂದ ಪೈಪಿನ ನಡುವಿಗೆ 4, 9, 12 ಇಂಚಿನ ಅಳತೆಯಲ್ಲಿ ಸಿಗುತ್ತವೆ. ಈ ಅಳತೆಯನ್ನು ಹಿಡಿಯಬೇಕಾದದ್ದು ಟೈಲ್ಸಿನ ಮುಖದಿಂದ. ಪ್ಲಂಬರ್ ಬರೀ ಬ್ಲಾಕ್ ಗೋಡೆಯಿಂದ 9 ಇಂಚು ಅಳೆದು ಪೈಪು ಇಟ್ಟುಬಿಡುತ್ತಾರೆ. ಟೈಲ್ಸ್ ಆದ ಮೇಲೆ ಅದು ಏಳೂವರೆಗೆ ಇಳಿದು, ತಂದ ಕಮೋಡ್‌ನ ಟ್ಯಾಂಕು ಗೋಡೆಗೆ ತಾಗಿ ಕೂರುವುದೇ ಇಲ್ಲ. ಆಗ ಅಡ್ಡಬಳಸಿನ ಕನೆಕ್ಟರ್ ಹಾಕಿ ಹೇಗೋ ಕೂರಿಸುತ್ತಾರೆ. ಆ ಸೊಟ್ಟ ಜೋಡಣೆಯೇ ಮುಂದೆ ಮತ್ತೆ ಮತ್ತೆ ಕಟ್ಟಿಕೊಳ್ಳುವ, ವಾಸನೆ ಬಿಡುವ ಜಾಗ. ಗೋಡೆಗೆ ಹೊರಹರಿವು ಕೊಡುವ ಪಿ-ಟ್ರ್ಯಾಪ್ ಆದರೆ ಪೈಪಿನ ನಡು ಮುಗಿದ ನೆಲದಿಂದ ಸುಮಾರು 7 ಇಂಚು ಮೇಲಿರಬೇಕು. ಗೋಡೆಗೆ ತೂಗುವ ಕಮೋಡ್ ಬೇಕೆನ್ನುವವರು ಒಳಗೋಡೆಯ ಟ್ಯಾಂಕಿಗೆ 4 ಇಂಚಿನ ಬ್ಲಾಕ್ ಗೋಡೆಯನ್ನು ಕೊರೆಯಲು ಬಿಡಬೇಡಿ. ಕೊರೆದರೆ ಉಳಿಯುವುದು ಬರೀ ಗಾರೆಯ ಪರದೆ. ಅದರ ಮುಂದೆ 6 ಇಂಚು ಅಡ್ಡಗೋಡೆ ಬೇರೆಯೇ ಕಟ್ಟಬೇಕು, ಆ 6 ಇಂಚು ನಕ್ಷೆಯಲ್ಲಿ ಮೊದಲೇ ಇರಬೇಕು. ಆದ್ದರಿಂದ ಕಮೋಡ್ ಮತ್ತು ಡೈವರ್ಟರ್ (ನೀರನ್ನು ಷವರ್‌ಗೋ ನಲ್ಲಿಗೋ ತಿರುಗಿಸುವ ಸಾಧನ) ಮಾದರಿಯನ್ನು ಮೋಲ್ಡ್‌ಗೆ ಮುಂಚೆಯೇ ಆರಿಸಿ, ಅವುಗಳ ಅಳತೆಯ ಹಾಳೆಯನ್ನು ಅಂಗಡಿಯಿಂದ ತಂದಿಟ್ಟುಕೊಳ್ಳಿ. ಬಣ್ಣ, ಹೊಳಪು ಆಮೇಲೆ ನೋಡಿಕೊಂಡರಾಯಿತು.

ಪೈಪುಗಳು ಹಾಯಲೆಂದು ಬಾತ್‌ರೂಮಿನಡಿ ತಗ್ಗಿಸಿ ಹಾಕುವ ಸಂಕನ್ ಸ್ಲ್ಯಾಬ್ ಎಷ್ಟು ತಗ್ಗಿರಬೇಕು ಎಂಬುದೂ ಕಮೋಡ್ ಮೇಲೆಯೇ ನಿಂತಿದೆ. 110 ಮಿಲಿಮೀಟರ್ ಹೊಲಸಿನ ಪೈಪಿಗೆ 40ರಿಂದ 60 ಇಂಚಿಗೆ 1 ಇಂಚಿನಂತೆ ವಾಟ, ಅಂದರೆ ಇಳಿಜಾರು, ಬೇಕು. 5 ಅಡಿ ಉದ್ದ ಹೋದರೆ ಅಲ್ಲೇ ಒಂದರಿಂದ ಒಂದೂವರೆ ಇಂಚು ಇಳಿಯುತ್ತದೆ. ಪೈಪಿನ ದಪ್ಪ, ಬೆಂಡ್, ನೆಲದ ಜಾಲಿಯಡಿ ಕೂರುವ ನಾಹಿನಿ ಟ್ರ್ಯಾಪಿನ ಎತ್ತರ, ಮೇಲಿನ ಕಾಂಕ್ರೀಟ್, ಟೈಲ್ಸ್ ಎಲ್ಲ ಸೇರಿಸಿದರೆ ಗೋಡೆಗೆ ಹೊರಹರಿವಿನ ಕಮೋಡ್‌ಗೆ 9 ಇಂಚು, ನೆಲಕ್ಕೆ ಹೊರಹರಿವಿನದಕ್ಕೆ 12 ಇಂಚು ತಗ್ಗು ಬಿಡುವುದು ಸರಿ. ಕಬ್ಬಿಣ ಕಟ್ಟುವವರು ಕೆಲಸ ಸುಲಭವೆಂದು 6 ಇಂಚಿಗೇ ನಿಲ್ಲಿಸಿದರೆ ಮುಂದೆ ಎರಡೇ ದಾರಿ: ಪೈಪಿಗೆ ವಾಟ ಸಾಲದೆ ಕಟ್ಟಿಕೊಳ್ಳುವುದು, ಇಲ್ಲವೇ ಬಾತ್‌ರೂಮ್ ನೆಲ ಬೆಡ್‌ರೂಮಿಗಿಂತ ಮೇಲೇರುವುದು. ನೆಲ ಮೇಲೇರಿದ ಮನೆಯಲ್ಲಿ ಹೊಸ್ತಿಲು ಎಷ್ಟೇ ಎತ್ತರವಿರಲಿ, ನೀರು ಬೆಡ್‌ರೂಮಿನ ಕಡೆಗೆ ಹುಡುಕಿಕೊಂಡು ಬರುತ್ತದೆ. ಇನ್ನೊಂದು ಮಾತು, ಬೀಮ್ ಕೊರೆದು ಪೈಪು ದಾಟಿಸುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಪೈಪು ಡಕ್ಟ್‌ಗೆ (ಪೈಪುಗಳು ಕೆಳಗಿಳಿಯಲು ಬಿಟ್ಟ ತೆರೆದ ಗೂಡು) ಹೋಗುವ ದಾರಿಯಲ್ಲಿ ಬೀಮ್ ಬರುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕಾದರೆ ಅವರ ಮುಂದೆ ಬಾತ್‌ರೂಮಿನ ನಕ್ಷೆ ಇರಬೇಕಲ್ಲವೇ? ತಗ್ಗು ತುಂಬುವ ಭಾರವನ್ನೂ ಅವರಿಗೆ ಹೇಳಬೇಕು. 5×8ರ ಕೋಣೆಗೆ ಒಂದು ಅಡಿ ಇಟ್ಟಿಗೆ ಚೂರಿನ ಕಾಂಕ್ರೀಟ್ ತುಂಬಿದರೆ ಸುಮಾರು 2 ಟನ್ ಆಗುತ್ತದೆ.

ಬೆಂಗಳೂರಿನ ಮನೆಗಳಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ಸೋರಿಕೆ. ಮಾಲೀಕರು ಮೇಲೆ, ಬಾಡಿಗೆಯವರು ಕೆಳಗೆ. ಬಾಡಿಗೆಯವರ ಮನೆಯ ಚಾವಣಿಯಲ್ಲಿ ಹಳದಿ ಕಲೆ ಮೂಡಿದಾಗ ಎಲ್ಲರೂ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಲು ಓಡುತ್ತಾರೆ. ಟೈಲ್ಸ್ ನೀರು ತಡೆಯುವ ಪದರವೇ ಅಲ್ಲ. ತಡೆಯಬೇಕಾದ್ದು ಅದರ ಕೆಳಗಿನ ಲೇಪನ. ಅದರ ಕ್ರಮ ಹೀಗೆ: ತಗ್ಗಿನ ಸ್ಲ್ಯಾಬನ್ನು ಧೂಳಿಲ್ಲದಂತೆ ತೊಳೆದು, ಪೈಪು ಹಾಯುವ ತೂತುಗಳ ಸುತ್ತ ಕುಗ್ಗದ ಗ್ರೌಟ್ (ಸಂದಿ ತುಂಬುವ ಗಾರೆ) ತುಂಬಿ, ಗೋಡೆ ಮತ್ತು ನೆಲ ಕೂಡುವ ಮೂಲೆಯಲ್ಲಿ 2 ಇಂಚಿನ ಓರೆ ಗಾರೆ ಕೊಡಬೇಕು. ಆ ಮೇಲೆ ಪಾಲಿಮರ್ ಬೆರೆತ ಸಿಮೆಂಟ್ ಲೇಪನವನ್ನು ಎರಡು ಸಲ, ಮೊದಲನೆಯದಕ್ಕೆ ಅಡ್ಡವಾಗಿ ಎರಡನೆಯದನ್ನು ಬಳಿಯಬೇಕು, ಮೂಲೆಗಳಿಗೆ ಫೈಬರ್ ಜಾಲರಿ ಒತ್ತಬೇಕು. ಮುಗಿದ ನೆಲದಿಂದ ಒಂದಡಿ ಮೇಲಕ್ಕೆ ಎಲ್ಲ ಗೋಡೆಗೂ, ಸ್ನಾನದ ಜಾಗದಲ್ಲಿ 6–7 ಅಡಿಯವರೆಗೂ ಲೇಪನ ಏರಲೇಬೇಕು. ವಾರ್ಡ್‌ರೋಬ್ ಹಿಂದಿನ ಗೋಡೆ ಸ್ನಾನದ ಗೋಡೆಯೇ ಆಗಿದ್ದರೆ ಇದನ್ನು ಬಿಡುವಂತೆಯೇ ಇಲ್ಲ. ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ.

ಹೆಚ್ಚಿನವರು ಮರೆಯುವ ಜಾಗ ಬಾಗಿಲ ಹೊಸ್ತಿಲು. ಬಾತ್‌ರೂಮಿನ ಟೈಲ್ಸ್ ಕೆಳಗಿನ ಗಾರೆ ಮತ್ತು ಬೆಡ್‌ರೂಮಿನ ಟೈಲ್ಸ್ ಕೆಳಗಿನ ಗಾರೆ ಹೊಸ್ತಿಲ ಗ್ರಾನೈಟ್ ಅಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದರೆ, ನೀರು ನಿಧಾನಕ್ಕೆ ಅದನ್ನೇ ಹೀರಿಕೊಂಡು ಆಚೆಗೆ ಹೋಗುತ್ತದೆ. ಕೆಲವೇ ತಿಂಗಳಲ್ಲಿ ಬಾಗಿಲ ಪಕ್ಕದ ಬಣ್ಣ ಸಿಪ್ಪೆ ಏಳುತ್ತದೆ, ಚೌಕಟ್ಟಿನ ಕಾಲು ಕೊಳೆಯುತ್ತದೆ. ಹೊಸ್ತಿಲ ಅಡಿಯಲ್ಲಿ ಕಾಂಕ್ರೀಟಿನ ಸಣ್ಣ ಕಟ್ಟೆ ಕಟ್ಟಿ ಲೇಪನವನ್ನು ಅದರ ನೆತ್ತಿಯವರೆಗೆ ಹತ್ತಿಸಿದರೆ ಈ ದಾರಿ ಮುಚ್ಚುತ್ತದೆ. ಚೌಕಟ್ಟಿಗೆ ಮರದ ಬದಲು ಗ್ರಾನೈಟ್ ಅಥವಾ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆತ ಹಲಗೆ) ಹಾಕಿ.

ಲೇಪನ ಒಣಗಿದ ಮೇಲೆ ತಗ್ಗಿನ ತುಂಬ ನೀರು ಕಟ್ಟಿ 48 ಗಂಟೆ ಬಿಡಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. ಬೇಸಿಗೆಯಲ್ಲಿ ಸ್ವಲ್ಪ ಆವಿಯಾಗುವುದು ಸಹಜ. ನೋಡಬೇಕಾದ್ದು ಕೆಳಮನೆಯ ಚಾವಣಿ ಮತ್ತು ಪೈಪಿನ ಸುತ್ತ. ಗುತ್ತಿಗೆದಾರರು ಒಂದು ರಾತ್ರಿ ಸಾಕು ಎಂದರೆ ಒಪ್ಪಬೇಡಿ. ಇದಾದ ಮೇಲೆಯೇ ತುಂಬುವ ಕೆಲಸ. ಸೈಟಿನಲ್ಲಿ ಬಿದ್ದ ಮರದ ಚೂರು, ಪಿಒಪಿ, ಸಿಮೆಂಟ್ ಚೀಲ ಸೇರಿದ ಕಸವನ್ನು ಅದರೊಳಗೆ ಸುರಿಯುವುದನ್ನು ಕಣ್ಣಾರೆ ನಿಂತು ತಡೆಯಿರಿ. ತಗ್ಗಿನ ತಳದಿಂದ ಒಂದೂವರೆ ಇಂಚಿನ ಪೈಪೊಂದನ್ನು ಡಕ್ಟ್‌ಗೆ ತೆರೆದು ಬಿಟ್ಟರೆ, ಮುಂದೆ ಎಂದಾದರೂ ಒಳಗೆ ನೀರು ಸೇರಿದರೆ ಅದು ಕೆಳಮನೆಯ ಚಾವಣಿಗೆ ಇಳಿಯದೆ ಡಕ್ಟ್‌ನಲ್ಲಿ ತೊಟ್ಟಿಕ್ಕಿ ಸುಳಿವು ಕೊಡುತ್ತದೆ. ಅದಕ್ಕೆ ಆಗುವ ಖರ್ಚು ಒಂದು ಪೈಪಿನ ತುಂಡಿನಷ್ಟು ಮಾತ್ರ. ತುಂಬಿದ ಮೇಲೆ ವಾಟ ಕೊಟ್ಟ 2 ಇಂಚು ಕಾಂಕ್ರೀಟ್, ಅದರ ಮೇಲೆ ಇನ್ನೊಮ್ಮೆ ಲೇಪನ, ಆಮೇಲೆ ಟೈಲ್ಸ್.

ನೆಲದ ವಾಟವನ್ನು ಈ ಕಾಂಕ್ರೀಟಿನಲ್ಲೇ ಕೊಡಬೇಕು, ಟೈಲ್ಸ್ ಅಂಟಿನಲ್ಲಿ ಸರಿಮಾಡುತ್ತೇವೆ ಎನ್ನುವ ಮಾತಿಗೆ ಮರುಳಾಗಬೇಡಿ. ಸ್ನಾನದ 3 ಅಡಿಯಲ್ಲಿ ಅರ್ಧ ಇಂಚಿಗಿಂತ ತುಸು ಹೆಚ್ಚು ಇಳಿಜಾರು, ಉಳಿದ ನೆಲಕ್ಕೆ 80ಕ್ಕೆ 1ರಂತೆ ಸ್ನಾನದ ಕಡೆಗೇ ವಾಟ. ಸ್ನಾನದ ಜಾಗ ಅರ್ಧ ಇಂಚು ಕೆಳಗಿದ್ದು ಮಧ್ಯೆ ಗ್ರಾನೈಟ್ ಪಟ್ಟಿ ಬಂದರೆ ಇನ್ನೂ ಒಳ್ಳೆಯದು. ಜಾಲಿಯನ್ನು ನಡೆಯುವ ದಾರಿಯಲ್ಲಿ ಇಡದೆ ಮೂಲೆಗೆ ತಳ್ಳಿ, ಆದರೆ ಬಕೆಟ್ ಇಡುವ ಜಾಗದ ಕೆಳಗೆ ಬೇಡ. 2×4 ಅಡಿಯ ದೊಡ್ಡ ಟೈಲ್ಸ್ ಗೋಡೆಗೆ ಚೆಂದ, ನೆಲಕ್ಕೆ ಅವನ್ನು ನಾಲ್ಕೂ ಕಡೆಯಿಂದ ಜಾಲಿಗೆ ಇಳಿಸಲಾಗದು. ಒಂದಡಿ ಚೌಕದ, ಒರಟು ಮೈಯ ಟೈಲ್ಸ್ ಹಾಕಿ 3 ಮಿಲಿಮೀಟರ್ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ. ಯುಗಾದಿ, ದೀಪಾವಳಿಯ ಎಣ್ಣೆಸ್ನಾನ ಮಾಡುವ ಮನೆಗಳಲ್ಲಿ ಇದು ನಿಜಕ್ಕೂ ಪ್ರಾಣದ ಪ್ರಶ್ನೆ: ಎಣ್ಣೆ ಬಿದ್ದ ನುಣುಪು ಟೈಲ್ಸ್ ಮೇಲೆ ಕಾಲು ನಿಲ್ಲುವುದಿಲ್ಲ. ಎಣ್ಣೆಯೂ ಸೀಗೆಪುಡಿಯೂ ಸೇರಿ ಟ್ರ್ಯಾಪಿನಲ್ಲಿ ಗಟ್ಟಿ ಮುದ್ದೆಯಾಗುತ್ತದೆ. ಆದ್ದರಿಂದ ಜಾಲಿ ತೆಗೆದು ಕೈಹಾಕಿ ತೊಳೆಯಲು ಬರುವಂಥ ಟ್ರ್ಯಾಪೇ ಇರಲಿ. ಟ್ರ್ಯಾಪಿನಲ್ಲಿ 2 ಇಂಚು ನೀರು ಸದಾ ನಿಂತಿರಬೇಕು. ಅತಿಥಿಗಳ ಕೋಣೆಯ ಬಾತ್‌ರೂಮ್ ಬಳಕೆಯಿಲ್ಲದೆ ವಾರಗಟ್ಟಲೆ ಬಿದ್ದರೆ ಅದು ಆರಿ, ಮೋರಿಯ ವಾಸನೆಯೂ ಜಿರಳೆಯೂ ಒಳಗೆ ಬರುತ್ತವೆ. ಆಗಾಗ ಒಂದು ಮಗ್ ನೀರು ಸುರಿದರೆ ಸಾಕು.

ನೀರಿನ ಒತ್ತಡವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒತ್ತಡವನ್ನು ಅಳೆಯುವುದು ಬಾರ್‌ನಲ್ಲಿ: 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಮೇಲಿನ ಮಹಡಿಯಲ್ಲಿ ಷವರ್ 7 ಅಡಿಯಲ್ಲಿದ್ದು, ತಾರಸಿ 10 ಅಡಿಯಲ್ಲಿದ್ದು, ಟ್ಯಾಂಕಿನ ತಳ ಅದಕ್ಕಿಂತ 5 ಅಡಿ ಮೇಲಿದ್ದರೆ ಸಿಗುವ ಎತ್ತರ 8 ಅಡಿ, ಅಂದರೆ ಕಾಲು ಬಾರ್. ತಲೆಯ ಮೇಲಿನ ದೊಡ್ಡ ಮಳೆ ಷವರ್‌ಗೆ ಸಾಮಾನ್ಯವಾಗಿ ಅರ್ಧದಿಂದ ಒಂದು ಬಾರ್ ಬೇಕು. ಹಾಗಾಗಿ ಅದು ಅಲ್ಲಿ ತೊಟ್ಟಿಕ್ಕುತ್ತದೆ. ಅದೇ ಷವರ್ ಎರಡು ಮಹಡಿ ಕೆಳಗೆ ಚೆನ್ನಾಗಿ ಬರುತ್ತದೆ. ಮೇಲ್ಮಹಡಿಗೆ ಒತ್ತಡದ ಪಂಪ್ ಇಡುವುದೋ, ಸಾದಾ ಷವರ್ ಸಾಕೋ ಎಂಬುದನ್ನು ಪೈಪು ಹಾಕುವ ಮುಂಚೆ ತೀರ್ಮಾನಿಸಿ. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಷವರ್ ಕಣ್ಣುಗಳಿಗೆ, ಡೈವರ್ಟರ್ ಒಳಗೆ ಬಿಳಿ ಉಪ್ಪು ಕಟ್ಟುತ್ತದೆ. ಅಂಥಲ್ಲಿ ಗೋಡೆಯ ಹೊರಗೆ ನಿಲ್ಲುವ ವಾಲ್‌ಮಿಕ್ಸರೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಎರಡು ನಟ್ ಬಿಚ್ಚಿದರೆ ಕೈಗೆ ಬರುತ್ತದೆ. ಗೋಡೆಯೊಳಗಿನ ಡೈವರ್ಟರ್‌ಗೆ ಬಿಡಿಭಾಗ ಸಿಗದೇ ಹೋದ ದಿನ ಟೈಲ್ಸ್ ಒಡೆಯಬೇಕು. ಬಕೆಟ್ ನಲ್ಲಿಯ ಮೂತಿ ನೆಲದಿಂದ 24 ಇಂಚು ಮೇಲಿದ್ದರೆ 20 ಲೀಟರ್ ಬಕೆಟ್ ಆರಾಮವಾಗಿ ಕೂರುತ್ತದೆ.

30×40 ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಬೇಕೇಬೇಕು. ಆದರೆ ತಾರಸಿಯಿಂದ ಬಾತ್‌ರೂಮಿಗೆ ಬರುವ ಪೈಪಿನ ಉದ್ದವನ್ನು ಯಾರೂ ಅಳೆಯುವುದಿಲ್ಲ. ಒಂದು ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪಿನಲ್ಲಿ ಮೀಟರಿಗೆ ಸುಮಾರು 0.4 ಲೀಟರ್ ನೀರು ನಿಂತಿರುತ್ತದೆ, ಮುಕ್ಕಾಲು ಇಂಚಿನದರಲ್ಲಿ ಕಾಲು ಲೀಟರ್. 15 ಮೀಟರ್ ದೂರವಾದರೆ ಬಿಸಿನೀರು ಬರುವ ಮೊದಲು 6 ಲೀಟರ್ ತಣ್ಣೀರು ಮೋರಿಗೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದ ಊರಿಗೆ ಇದು ಸಣ್ಣ ಮಾತಲ್ಲ. ಬಾತ್‌ರೂಮ್‌ಗಳನ್ನು ಒಂದರ ಮೇಲೊಂದು ಇಟ್ಟು, ಸೋಲಾರ್ ಟ್ಯಾಂಕನ್ನು ಅದೇ ಡಕ್ಟ್‌ನ ನೆತ್ತಿಗೆ ತಂದು, ಬಿಸಿನೀರಿನ ಪೈಪಿಗೆ ಹೊದಿಕೆ ಸುತ್ತಿ.

ಗಾಳಿಗೆ ಸಂಹಿತೆ ಹೇಳುವುದು 0.37 ಚದರ ಮೀಟರ್ ತೆರವು, ಅಂದರೆ 2 ಅಡಿ ಚೌಕದ ಕಿಟಕಿ. ಡಕ್ಟ್‌ಗೆ ತೆರೆಯುವುದಾದರೆ 10 ಮೀಟರ್ ಎತ್ತರದವರೆಗಿನ ಕಟ್ಟಡಕ್ಕೆ ಆ ಡಕ್ಟ್ 1.2 ಚದರ ಮೀಟರ್ ಇರಬೇಕು, ಯಾವ ಬದಿಯೂ 0.9 ಮೀಟರ್‌ಗಿಂತ ಕಿರಿದಾಗಬಾರದು. ಪೈಪು ಸೋರಿದಾಗ ಒಬ್ಬ ಮನುಷ್ಯ ಅದರೊಳಗೆ ನಿಂತು ಕೆಲಸ ಮಾಡಬೇಕು. ಒಂದೂವರೆ ಅಡಿಯ ಡಕ್ಟ್ ಬಿಟ್ಟು ಮುಚ್ಚುವವರು ಆ ಕೆಲಸಗಾರನನ್ನು ನೆನೆಯಬೇಕು. ಎಕ್ಸಾಸ್ಟ್ ಫ್ಯಾನಿಗೆ ಒಳಗೆ ಗಾಳಿ ಬರಲು ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಇರಲಿ.

ಗ್ಯಾಸ್ ಗೀಸರ್ ಅನ್ನು ಬಾತ್‌ರೂಮಿನ ಒಳಗೆ ಹಾಕಲೇಬಾರದು. ಮುಚ್ಚಿದ ಕೋಣೆಯಲ್ಲಿ ಅದು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟುತ್ತಿದೆ ಎಂದು ಗೊತ್ತಾಗುವ ಮೊದಲೇ ಮೈ ಸೋತು ಬೀಳುತ್ತದೆ. ಕಿಟಕಿ ಇದೆಯಲ್ಲ ಎಂಬ ಸಮಾಧಾನ ಬೇಡ, ಚಳಿಗಾಲದ ಬೆಳಿಗ್ಗೆ ಅದನ್ನು ಯಾರೂ ತೆರೆದಿಡುವುದಿಲ್ಲ. ಅದು ಇರಬೇಕಾದ್ದು ಗಾಳಿಯಾಡುವ ಯುಟಿಲಿಟಿಯಲ್ಲಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ.

ಕರೆಂಟಿನ ಗೀಸರ್‌ಗೆ 16 ಆಂಪ್ ಪ್ಲಗ್, 4 ಚದರ ಮಿಲಿಮೀಟರ್ ತಂತಿ, ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್). ಸ್ವಿಚ್ ಬಾಗಿಲ ಹೊರಗೆ. ಬಾತ್‌ರೂಮಿನ ಎಲ್ಲ ಲೈನಿಗೂ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. 25 ಲೀಟರ್ ಗೀಸರ್ ನೀರು ತುಂಬಿದಾಗ 35 ಕಿಲೋ ದಾಟುತ್ತದೆ, ಅದು ತೂಗುವ ಕಡೆ ಸಾಲಿಡ್ ಬ್ಲಾಕ್ ಇರಲಿ.

ಬಾಗಿಲು ಎರಡೂವರೆ ಅಡಿಗಿಂತ ಕಿರಿದಾಗಬಾರದು. ಅಪ್ಪ-ಅಮ್ಮ ಮಲಗುವ ಕೋಣೆಯದಾದರೆ 3 ಅಡಿ ಕೊಟ್ಟು, ಹೊರಕ್ಕೆ ತೆರೆಯುವಂತೆ, ಚಿಲಕ ಹೊರಗಿನಿಂದಲೂ ಬಿಡಿಸಲು ಬರುವಂತೆ ಮಾಡಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅವರ ಮೈಗೇ ತಡೆದು ನಿಲ್ಲುತ್ತದೆ. ಕಮೋಡ್ ಪಕ್ಕ ಹಿಡಿಕೆ ಈಗಲೇ ಬೇಡವಾದರೂ ಅದನ್ನು ಬಿಗಿಯುವ ಜಾಗದಲ್ಲಿ ಪೈಪು ಹಾಯಿಸದೆ ಗಟ್ಟಿ ಗೋಡೆ ಬಿಟ್ಟಿರಿ.

ವಾಸ್ತು ನೋಡುವವರಿದ್ದರೆ ಅವರನ್ನು ಮೊದಲ ನಕ್ಷೆಯ ದಿನವೇ ಕೂರಿಸಿಕೊಳ್ಳಿ. ಕಾಲಮ್ ಎದ್ದ ಮೇಲೆ ಕಮೋಡ್ ದಿಕ್ಕು ತಿರುಗಿಸುವುದೆಂದರೆ ಪೈಪಿಗೆ ಎರಡು ಬೆಂಡ್ ಹೆಚ್ಚು, ವಾಟ ಕಡಿಮೆ.

ಈಗ ಗುತ್ತಿಗೆಯ ಕಾಗದ. ಚದರಕ್ಕೆ (100 ಚದರ ಅಡಿಗೆ) ಇಷ್ಟು ಎಂದು ಬರೆದುಕೊಳ್ಳುವ ಒಪ್ಪಂದಗಳಲ್ಲಿ ಫಿಟ್ಟಿಂಗ್ಸ್‌ಗೆ ಇಷ್ಟು ಸಾವಿರ, ಟೈಲ್ಸಿಗೆ ಅಡಿಗೆ ಇಷ್ಟು ಎಂದಿರುತ್ತದೆ. ತಗ್ಗು ಎಷ್ಟು ಇಂಚು, ಲೇಪನ ಎಷ್ಟು ಸಲ, ಎಷ್ಟು ಎತ್ತರ, 48 ಗಂಟೆಯ ನೀರಿನ ಪರೀಕ್ಷೆ, ಗೋಡೆ ಮುಚ್ಚುವ ಮೊದಲು ಪೈಪಿನ ಒತ್ತಡ ಪರೀಕ್ಷೆ, ಈ ಐದರ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಇವನ್ನು ಬರೆಸಿಕೊಂಡು, ನೀರಿನ ಪರೀಕ್ಷೆ ಮುಗಿದ ಮೇಲೆಯೇ ಆ ಹಂತದ ಹಣ ಎಂದು ಸೇರಿಸಿ. ಎಂಜಿನಿಯರ್, ಆರ್ಕಿಟೆಕ್ಟ್ ಮಿತ್ರರಲ್ಲೂ ನಮ್ಮ ಮನವಿ ಇದೆ: ಪ್ಲ್ಯಾನ್ ಮಂಜೂರಾತಿಗೆ ಕೊಡುವ ಹಾಳೆಗೆ ನಿಮ್ಮ ಕೆಲಸ ಮುಗಿಯದಿರಲಿ. ಪ್ರತಿ ಬಾತ್‌ರೂಮಿಗೆ ನೆಲದ ನಕ್ಷೆಯೊಂದು, ನಾಲ್ಕು ಗೋಡೆಗಳ ಎದುರುನೋಟ, ಎಲ್ಲ ಅಳತೆಯೂ ಟೈಲ್ಸಿನ ಮುಖದಿಂದ. ಅದರ ಪ್ರತಿ ಪ್ಲಂಬರ್, ಎಲೆಕ್ಟ್ರಿಷಿಯನ್, ಗಾರೆ ಮೇಸ್ತ್ರಿ ಮೂವರ ಕೈಯಲ್ಲೂ ಇರಲಿ. ಪೈಪುಗಳು ಟೈಲ್ಸಿನಡಿ ಮುಚ್ಚುವ ಮೊದಲು ಟೇಪು ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದು ಮನೆಪತ್ರಗಳ ಜೊತೆಗೇ ಇಡಿ. ಮುಂದೆ ಕನ್ನಡಿಗೋ ಹಿಡಿಕೆಗೋ ಡ್ರಿಲ್ ಹಾಕುವವರಿಗೆ ಬಿಸಿನೀರಿನ ಪೈಪು ಎಲ್ಲಿದೆ ಎಂದು ತೋರಿಸಲು ಬೇರೆ ಯಾವ ದಾಖಲೆಯೂ ಇರುವುದಿಲ್ಲ.

– ಮನೆ ವಿನ್ಯಾಸ ಮತ್ತು ಪ್ಲಂಬಿಂಗ್ ಕೆಲಸದಲ್ಲಿರುವ ಗೆಳೆಯರು, ಬೆಂಗಳೂರು